ಹಗ್ಗದ ಜೊತೆ ಹಳೇ ಬಟ್ಟೆ: ಎಬೆದ್ಮೆಲೆಕನೂ ಚೀತಾ ಹೆಲಿಕಾಪ್ಟರಿನ ಪೈಲಟ್‌ಗಳೂ

ಯೌವನಸ್ಥರ ಕೂಟದ ಸಂದೇಶ. ಓದುವ ಭಾಗ: ಯೆರೆಮೀಯ 38:1-13, 39:15-18

ಬೈಬಲ್ ತಂದವರು ಬೈಬಲ್, ಮೊಬೈಲಲ್ಲಿ ಓದುವವರು ಮೊಬೈಲ್, ಯೆರೆಮೀಯ 38ನೇ ಅಧ್ಯಾಯ ತೆಗೆದಿಟ್ಟುಕೊಳ್ಳಿ. ವಾಟ್ಸಾಪ್ ಮಾತ್ರ ಮುಚ್ಚಿ. ಅಧ್ಯಾಯಕ್ಕೆ ಸ್ವಲ್ಪ ಹೊತ್ತಾದ ಮೇಲೆ ಬರೋಣ. ಮೊದಲು ನಮ್ಮ ತಲೆ ಮೇಲಿನ ಒಂದು ಸದ್ದಿನ ವಿಷಯ ಮಾತಾಡಬೇಕು.

ಇಂದಿರಾನಗರ, ದೊಮ್ಮಲೂರು, ಮುರುಗೇಶಪಾಳ್ಯ ಕಡೆಯಿಂದ ಬರೋರಿಗೆ ಈ ಸದ್ದು ಹೊಸದಲ್ಲ. ಹೆಲಿಕಾಪ್ಟರ್ ಸದ್ದು. ನಾವು ತಲೆ ಎತ್ತಿ ನೋಡೋದೂ ಇಲ್ಲ. 2008ರ ಮೇ 24ಕ್ಕೆ ಹಳೇ ಏರ್‌ಪೋರ್ಟಿನ ಪ್ಯಾಸೆಂಜರ್ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದವು. ಆದರೆ ಎಚ್‌ಎಎಲ್ ಎಲ್ಲಿಗೂ ಹೋಗಲಿಲ್ಲ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರವನ್ನು ಜೊತೆಗೂಡಿಸಿಕೊಂಡು ಶುರು ಮಾಡಿದ ಕಾರ್ಖಾನೆ ಅದು. ನಮ್ಮ ಪೂರ್ವ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ತಾತನೋ ದೊಡ್ಡಪ್ಪನೋ ಅಲ್ಲಿ ಕೆಲಸ ಮಾಡಿದವರು. ಇಲ್ಲಿ ಕೂತಿರೋರಲ್ಲಿ ಯಾರ ಮನೆಯಲ್ಲಿ ಎಚ್‌ಎಎಲ್‌ನವರಿದ್ದಾರೆ, ಕೈ ಎತ್ತಿ ನೋಡೋಣ? ನೋಡಿ, ಎಷ್ಟು ಕೈ!

ಆ ಕಾರ್ಖಾನೆಯಿಂದ ಹೊರಬಂದ ಒಂದು ಚಿಕ್ಕ ಹೆಲಿಕಾಪ್ಟರಿನ ಹೆಸರು ಚೀತಾ. ಮೂಲದಲ್ಲಿ ಫ್ರಾನ್ಸಿನದು, ಅಲ್ಲಿ ಅದನ್ನು ಲಾಮಾ ಅನ್ನುತ್ತಾರೆ. ವಿಶೇಷ ಏನು ಗೊತ್ತಾ? ಅದನ್ನು ಅವರು ಮಾಡಿದ್ದೇ ನಮ್ಮ ದೇಶದ ಸೇನೆ ಕೇಳಿತು ಅಂತ. ಹಿಮಾಲಯದ ಎತ್ತರದಲ್ಲಿ ಕೆಲಸ ಮಾಡುವ ಹೆಲಿಕಾಪ್ಟರ್ ಬೇಕಾಗಿತ್ತು. ಒಂದು ಹಗುರ ಮಾದರಿಯ ದೇಹಕ್ಕೆ, ಅದಕ್ಕಿಂತ ದೊಡ್ಡ ಮಾದರಿಯ ಎಂಜಿನ್ನೂ ರೆಕ್ಕೆಯೂ ಜೋಡಿಸಿದರು. 1969ರಲ್ಲಿ ಮೊದಲ ಹಾರಾಟ. 1972ರ ಜೂನ್ 21ರಂದು ಜಾನ್ ಬುಲೆ ಅನ್ನುವ ಫ್ರೆಂಚ್ ಪೈಲಟ್ ಅದರಲ್ಲಿ 12,442 ಮೀಟರ್ ಎತ್ತರಕ್ಕೆ ಹೋದರು. ಮೇಲೆ ಹೋದಾಗ ಎಂಜಿನ್ ಆರಿಹೋಯಿತು, ಎಂಜಿನ್ ಇಲ್ಲದೆಯೇ ರೆಕ್ಕೆ ತಿರುಗಿಸಿಕೊಂಡು ಕೆಳಗೆ ಇಳಿಸಿದರು. ಆಮೇಲೆ ಅದೇ ಹೆಲಿಕಾಪ್ಟರನ್ನು ನಮ್ಮ ವಿಮಾನಪುರದಲ್ಲಿ ಲೈಸೆನ್ಸ್ ಮೇಲೆ ಕಟ್ಟಿದರು.

ಇಷ್ಟು ಹೇಳಿದ್ದು ಯಾಕೆ ಅಂದರೆ, ಇವತ್ತು ನಾನು ಹೇಳೋ ಧೈರ್ಯದ ಕಥೆ ನಡೆದಿದ್ದು ಕಾಶ್ಮೀರ, ಲಡಾಖ್ ಬೆಟ್ಟಗಳಲ್ಲಿ. ಆದರೆ ಆ ಕಥೆಯಲ್ಲಿನ ಯಂತ್ರ ನಮ್ಮ ಓಲ್ಡ್ ಏರ್‌ಪೋರ್ಟ್ ರೋಡಿನದು.

1999. ನಿಮ್ಮಲ್ಲಿ ಹೆಚ್ಚಿನವರು ಹುಟ್ಟಿರಲಿಲ್ಲ. ಮೇ ತಿಂಗಳ ಶುರುವಿನಲ್ಲಿ ಕಾರ್ಗಿಲ್ ಬೆಟ್ಟಗಳ ಮೇಲೆ ಶತ್ರುಗಳು ಬಂದು ಕೂತಿದ್ದಾರೆ ಅಂತ ಕುರಿ ಕಾಯುವವರಿಂದ ಸುದ್ದಿ ಬಂತು. ಮೇ 26ಕ್ಕೆ ವಾಯುಪಡೆ ಇಳಿಯಿತು, ಆಪರೇಷನ್ ಸಫೇದ್ ಸಾಗರ್. ಮರುದಿನವೇ, ಮೇ 27ಕ್ಕೆ, ಫ್ಲೈಟ್ ಲೆಫ್ಟಿನೆಂಟ್ ನಚಿಕೇತ ಅವರ ಮಿಗ್-27ರ ಎಂಜಿನ್ ಕೈಕೊಟ್ಟಿತು, ಅವರು ಪ್ಯಾರಾಚೂಟಿನಲ್ಲಿ ಹೊರಗೆ ಹಾರಿದರು. ಸ್ಕ್ವಾಡ್ರನ್ ಲೀಡರ್ ಅಜಯ್ ಅಹುಜಾ ತಮ್ಮ ಮಿಗ್-21ರಲ್ಲಿ ವಾಪಸ್ ಹೋಗಬಹುದಾಗಿತ್ತು. ಹೋಗಲಿಲ್ಲ. ನಚಿಕೇತ ಎಲ್ಲಿ ಬಿದ್ದರು ಅಂತ ಗುರುತು ಹಿಡಿದರೆ ಕಾಪಾಡೋಕೆ ಬರುವವರಿಗೆ ದಾರಿ ಆಗುತ್ತದೆ ಅಂತ ಅಲ್ಲೇ ಉಳಿದರು. ಭುಜದ ಮೇಲಿಟ್ಟು ಹೊಡೆಯುವ ಕ್ಷಿಪಣಿ ಅವರ ವಿಮಾನಕ್ಕೆ ತಗುಲಿತು. ನಚಿಕೇತ ಸೆರೆ ಸಿಕ್ಕರೂ ಜೂನ್ ಮೊದಲ ವಾರದಲ್ಲಿ ಮನೆಗೆ ಬಂದರು. ಹುಡುಕೋಕೆ ನಿಂತ ಅಹುಜಾ ಬರಲಿಲ್ಲ.

ಮೇ 28. ತೋಲೋಲಿಂಗ್ ಬೆಟ್ಟದ ಮೇಲೆ ದಾಳಿ ಮಾಡೋಕೆ ಹೋದ ಎಂಐ-17 ಹೆಲಿಕಾಪ್ಟರೊಂದನ್ನು ಕ್ಷಿಪಣಿ ಉರುಳಿಸಿತು. ಒಳಗಿದ್ದವರು ನಾಲ್ಕು ಜನ: ಸ್ಕ್ವಾಡ್ರನ್ ಲೀಡರ್ ರಾಜೀವ್ ಪುಂಡೀರ್, ಫ್ಲೈಟ್ ಲೆಫ್ಟಿನೆಂಟ್ ಮುಹಿಲನ್, ಸಾರ್ಜೆಂಟ್ ಪ್ರಸಾದ್, ಸಾರ್ಜೆಂಟ್ ಸಾಹು. ನಾಲ್ವರೂ ಹೋದರು. ಅದಾದ ಮೇಲೆ ದಾಳಿ ಮಾಡುವ ಕೆಲಸದಿಂದ ಹೆಲಿಕಾಪ್ಟರುಗಳನ್ನು ಹಿಂದಕ್ಕೆ ತೆಗೆದುಕೊಂಡರು. ಸರಿಯಾದ ತೀರ್ಮಾನವೇ. ಆದರೆ ಒಂದು ಕೆಲಸ ನಿಲ್ಲಿಸೋಕೆ ಆಗಲ್ಲ, ಯಾವ ಕೆಲಸ? ಗಾಯ ಆದವರನ್ನು ತರೋದು. ಬೆಟ್ಟದ ಮೇಲೆ ಗುಂಡು ತಿಂದ ಹುಡುಗನನ್ನು ಸ್ಟ್ರೆಚರಿನಲ್ಲಿ ಹೊತ್ತು ಇಳಿಸಬೇಕಾದರೆ ಕಲ್ಲು, ಹಿಮ, ಕತ್ತಲೆ, ಗಂಟೆಗಟ್ಟಲೆ ಸಮಯ. ಅಷ್ಟು ಹೊತ್ತಿಗೆ ರಕ್ತ ಎಲ್ಲಾ ಹೋಗಿರುತ್ತದೆ. ಶ್ರೀನಗರದ 92 ಬೇಸ್ ಹಾಸ್ಪಿಟಲಿಗೆ ಬೇಗ ತಲುಪಿಸಿದರೆ ಬದುಕುತ್ತಾನೆ. ಹೀಗಾಗಿ ಚೀತಾಗಳು ಹೋಗುತ್ತಲೇ ಇದ್ದವು.

ಈ ಚೀತಾ ಹೇಗಿರುತ್ತದೆ ಅಂತ ಕಣ್ಣ ಮುಂದೆ ತಂದುಕೊಳ್ಳಿ. ಮುಂದೆ ದೊಡ್ಡ ಗಾಜಿನ ಗುಡುಸು, ಮೀನಿನ ತೊಟ್ಟಿ ಥರ. ಬುಲೆಟ್ ತಡೆಯುವ ಕಬ್ಬಿಣದ ಹೊದಿಕೆ ಇಲ್ಲ. ಒಂದೇ ಎಂಜಿನ್. ಅದರಲ್ಲಿ ಗನ್ ಇಲ್ಲ, ರಾಕೆಟ್ ಇಲ್ಲ. ಕೆಳಗಿನಿಂದ ಯಾರಾದರೂ ಹೊಡೆದರೆ ತಿರುಗಿಸಿ ಹೊಡೆಯೋಕೆ ಏನೂ ಇಲ್ಲ. ಕ್ಷಿಪಣಿ ಎಂಜಿನ್ನಿನ ಶಾಖ ಹುಡುಕಿಕೊಂಡು ಬರುತ್ತೆ. ಇವರಿಗೆ ಇರೋ ರಕ್ಷಣೆ ಅಂದರೆ ಬೆಟ್ಟದ ಮರೆ, ಕಣಿವೆಯ ತಿರುವು, ಕೈಯ ಚುರುಕು.

ಆ ದಿನಗಳಲ್ಲಿ ಉಧಂಪುರದಲ್ಲಿದ್ದ ಚೀತಾ ಘಟಕದಲ್ಲಿ ಇಬ್ಬರು ಹೆಣ್ಣುಮಕ್ಕಳು ಪೈಲಟ್‌ಗಳಿದ್ದರು, ಗುಂಜನ್ ಸಕ್ಸೇನಾ ಮತ್ತು ಶ್ರೀವಿದ್ಯಾ ರಾಜನ್. ಇಬ್ಬರೂ 1996ರಲ್ಲಿ ಅಲ್ಲಿಗೆ ಪೋಸ್ಟಿಂಗ್ ಆಗಿ ಬಂದವರು. ವಾಯುಪಡೆಯಲ್ಲಿ ಹೆಣ್ಣುಮಕ್ಕಳನ್ನು ಪೈಲಟ್ ಮಾಡೋಕೆ ಆಗಷ್ಟೇ ಶುರುವಾಗಿತ್ತು. ಯುದ್ಧ ಬಂದಾಗ ಇಬ್ಬರೂ ಹೋದರು. ಡ್ರಾಸ್, ಬಟಾಲಿಕ್ ಕಡೆ ಸಾಮಾನು ಇಳಿಸೋದು, ಶತ್ರು ಎಲ್ಲಿ ಕೂತಿದ್ದಾನೆ ಅಂತ ನೋಡಿ ಬರೋದು, ಗಾಯಗೊಂಡವರನ್ನು ಎತ್ತಿಕೊಂಡು ಬರೋದು. ಗುಂಜನ್‌ಗೆ ಆಗ ವಯಸ್ಸು 24. ತಂಗಿಯರೇ, 24! ಅಕಸ್ಮಾತ್ ಹೆಲಿಕಾಪ್ಟರ್ ಶತ್ರುಗಳ ಕಡೆ ಬಿದ್ದರೆ ಅಂತ ಒಂದು ರೈಫಲ್, ಒಂದು ರಿವಾಲ್ವರ್ ಜೊತೆಗಿರುತ್ತಿತ್ತು ಅಂತ ಅವರೇ ಆಮೇಲೆ ಹೇಳಿದ್ದಾರೆ. ಒಂದು ಸಲ ಕಾರ್ಗಿಲ್ ಏರ್‌ಸ್ಟ್ರಿಪ್ಪಿನಲ್ಲಿ ಅವರ ಹೆಲಿಕಾಪ್ಟರಿಗೆ ಗುರಿಯಿಟ್ಟ ರಾಕೆಟ್ ಸ್ವಲ್ಪದರಲ್ಲಿ ತಪ್ಪಿತು. ಅದಾದ ಮೇಲೂ ಹಾರಿದರು. ಹೆಲಿಕಾಪ್ಟರ್ ಪೈಲಟ್‌ಗೆ ಒಂದು ಜೀವ ಉಳಿಸಿದಾಗ ಆಗುವ ತೃಪ್ತಿಗಿಂತ ದೊಡ್ಡದಿಲ್ಲ, ನಾವು ಅಲ್ಲಿರೋದೇ ಅದಕ್ಕೆ ಅನ್ನೋ ಅರ್ಥದ ಮಾತು ಅವರದು.

2020ರಲ್ಲಿ ಗುಂಜನ್ ಮೇಲೆ ಸಿನಿಮಾ ಬಂತು, ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. ಅದರಲ್ಲಿ ಉಧಂಪುರದಲ್ಲಿ ಇದ್ದದ್ದು ಒಬ್ಬಳೇ ಹೆಣ್ಣು ಅನ್ನೋ ಥರ ತೋರಿಸಿದರು. ಹಾಗಲ್ಲ, ನಾವಿಬ್ಬರೂ ಇದ್ದೆವು ಅಂತ ಶ್ರೀವಿದ್ಯಾ ಅವರು ಹೇಳಬೇಕಾಯಿತು. ವಾಯುಪಡೆಯೂ ಸಿನಿಮಾದ ಕೆಲವು ಭಾಗಗಳ ಬಗ್ಗೆ ಆಕ್ಷೇಪ ಎತ್ತಿತು. ನನಗೆ ಅನ್ನಿಸೋದು, ಇದರಲ್ಲಿ ಗುಂಜನ್ ಧೈರ್ಯಕ್ಕೆ ಏನೂ ಕಮ್ಮಿ ಆಗಲಿಲ್ಲ. ಆದರೆ ಸಿನಿಮಾಕ್ಕೆ ಒಬ್ಬರು ಬೇಕು, ಯುದ್ಧಕ್ಕೆ ತುಂಬಾ ಜನ ಬೇಕು. ಎರಡು ತಿಂಗಳಲ್ಲಿ ಎಷ್ಟೋ ಚೀತಾ ಪೈಲಟ್‌ಗಳು, ವಾಯುಪಡೆಯವರು, ಆರ್ಮಿ ಏವಿಯೇಷನ್‌ನವರು, ಹಾರಿದರು. ಅವರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು?

ಈಗ ಬೈಬಲ್ ತೆರೆಯಿರಿ. ಯೆರೆಮೀಯ 38.

ಇದೂ ಯುದ್ಧದ ಕಾಲವೇ. ಕ್ರಿಸ್ತಪೂರ್ವ 586ರ ಸುಮಾರು. ಕಸ್ದೀಯರ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ. ಪಟ್ಟಣದಲ್ಲಿ ರೊಟ್ಟಿ ಮುಗಿಯುತ್ತಾ ಬಂದಿದೆ. ಪ್ರವಾದಿಯ ಮಾತು ಸೈನಿಕರ ಕೈ ಬಲ ಕುಗ್ಗಿಸುತ್ತೆ ಅಂತ ಅಧಿಕಾರಿಗಳು ಅವನನ್ನು ಮಲ್ಕೀಯನ ಬಾವಿಗೆ ಇಳಿಸಿದರು. ಬಾವಿಯಲ್ಲಿ ನೀರಿಲ್ಲ, ಕೆಸರು. ಯೆರೆಮೀಯ ಆ ಕೆಸರಿನಲ್ಲಿ ಹೂತುಹೋದ. ಯಾರೂ ಕತ್ತಿ ಎತ್ತಲಿಲ್ಲ, ಸುಮ್ಮನೆ ಬಿಟ್ಟುಬಿಟ್ಟರು. ಹಸಿವೇ ಕೊಲ್ಲುತ್ತೆ.

ಏಳನೇ ವಚನದಲ್ಲಿ ಬರುತ್ತಾನೆ ಎಬೆದ್ಮೆಲೆಕ. ಕೂಷ್ ದೇಶದವನು, ಅಂದರೆ ಆಫ್ರಿಕಾದವನು, ಹೊರಗಿನವನು. ಅರಮನೆಯ ಕಂಚುಕಿ. ಬೈಬಲ್ ಕಾಲೇಜಿನಲ್ಲಿ ನಮಗೆ ಹೇಳಿಕೊಟ್ಟಿದ್ದು, ಎಬೆದ್ ಅಂದರೆ ಸೇವಕ, ಮೆಲೆಕ್ ಅಂದರೆ ರಾಜ. ಹಾಗಂದ್ರೆ ಇದು ಹೆಸರೋ, ಡ್ಯೂಟಿಯೋ? ನಮ್ಮ ಅಪಾರ್ಟ್‌ಮೆಂಟಲ್ಲಿ ಸೆಕ್ಯುರಿಟಿಯವರನ್ನು ಸೆಕ್ಯುರಿಟಿ ಅಂತಲೇ ಕರೀತೀವಲ್ಲ, ಹಾಗೆ. ಅವರಪ್ಪ ಇಟ್ಟ ಹೆಸರು ನಮಗೆ ಸಿಗದೇ ಹೋಗಿರಬಹುದು.

ರಾಜ ಚಿದ್ಕೀಯ ಬೆನ್ಯಾಮೀನ್ ಬಾಗಿಲಲ್ಲಿ ಎಲ್ಲರ ಎದುರು ಕೂತಿದ್ದಾನೆ. ಅಲ್ಲಿಗೇ ಹೋಗಿ ಈ ಮನುಷ್ಯ ನೇರವಾಗಿ ಹೇಳುತ್ತಾನೆ, ಆ ಅಧಿಕಾರಿಗಳು ಮಾಡಿದ್ದು ತಪ್ಪು, ಅವನು ಅಲ್ಲೇ ಸಾಯುತ್ತಾನೆ ಅಂತ. ಆ ಅಧಿಕಾರಿಗಳ ಮುಂದೆ ರಾಜನಿಗೇ ಧೈರ್ಯ ಇರಲಿಲ್ಲ, ಐದನೇ ವಚನ ನೋಡಿ. ರಾಜ ಅನುಮತಿ ಕೊಟ್ಟ, ಮೂವತ್ತು ಜನರನ್ನು ಕರೆದುಕೊಂಡು ಹೋಗು ಅಂದ.

ಇಲ್ಲಿಂದ ನಿಧಾನವಾಗಿ ಓದಿ, ಯಾಕಂದ್ರೆ ನಾವು ಯಾವಾಗಲೂ ಹಾರಿಸಿಬಿಡೋ ವಚನ ಇದು. ಹನ್ನೊಂದು, ಹನ್ನೆರಡು. ಅವನು ನೇರ ಬಾವಿಗೆ ಓಡಲಿಲ್ಲ. ಮೊದಲು ಅರಮನೆಯ ಖಜಾನೆಯ ಕೆಳಗಿನ ಕೋಣೆಗೆ ಹೋಗಿ ಹರಿದ ಬಟ್ಟೆ, ಹಳೇ ಚಿಂದಿ ಹುಡುಕಿ ತಂದ. ಹಗ್ಗದ ಜೊತೆ ಅವನ್ನೂ ಇಳಿಸಿ, ಕಂಕುಳ ಕೆಳಗೆ ಇಟ್ಟುಕೋ, ಅದರ ಮೇಲೆ ಹಗ್ಗ ಹಾಕಿಕೋ ಅಂತ ಯೆರೆಮೀಯನಿಗೆ ಹೇಳಿದ. ಯಾಕೆ? ಕೆಸರಲ್ಲಿ ಹೂತ ಮನುಷ್ಯನನ್ನು ಮೂವತ್ತು ಜನ ಎಳೆದರೆ ಹಗ್ಗ ಚರ್ಮ ಸುಲಿಯುತ್ತೆ. ಹಸಿದು ಒಣಗಿದ ಮೈ, ಎಲುಬಿಗೆ ಚರ್ಮ ಅಂಟಿದೆ. ಇದನ್ನು ಎಬೆದ್ಮೆಲೆಕ ಮುಂಚೆಯೇ ಯೋಚಿಸಿದ್ದ. ಪ್ರಾಣಕ್ಕೆ ಅಪಾಯ ಇರೋ ಹೊತ್ತಲ್ಲಿ, ಇನ್ನೊಬ್ಬರ ಕಂಕುಳ ನೋವಿನ ಬಗ್ಗೆ ಯೋಚಿಸಿದ ಮನುಷ್ಯ.

ಚೀತಾ ಪೈಲಟ್‌ಗಳ ಕೆಲಸದಲ್ಲೂ ಈ ಚಿಂದಿ ಬಟ್ಟೆಯ ಭಾಗವೇ ಜಾಸ್ತಿ. ನಾವು ಧೈರ್ಯ ಅಂದರೆ ಸಿನಿಮಾದ ಹಾಗೆ ನುಗ್ಗೋದು ಅಂದುಕೊಳ್ತೀವಿ. ಅಲ್ಲಿ ನಡೆಯೋದು ಲೆಕ್ಕ. ಬೆಂಗಳೂರು ಇರೋದು ಸುಮಾರು 3,000 ಅಡಿಯಲ್ಲಿ. ಡ್ರಾಸ್ ಪಟ್ಟಣವೇ 10,000 ಅಡಿಗಿಂತ ಮೇಲೆ. 18,000 ಅಡಿಗೆ ಹೋದರೆ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧಕ್ಕೆ ಇಳಿಯುತ್ತೆ. ರೆಕ್ಕೆಗೆ ಹಿಡಿಯೋಕೆ ಗಾಳಿ ಸಾಲದು, ಎಂಜಿನ್ನಿಗೆ ಉಸಿರು ಸಾಲದು, ಪೈಲಟ್‌ಗೂ ಸಾಲದು. ಚೀತಾದಲ್ಲಿ ಐದು ಸೀಟು ಇರಬಹುದು, ಆದರೆ ಅಷ್ಟು ಎತ್ತರದಲ್ಲಿ ಐದು ಜನರನ್ನು ಹೊತ್ತು ಏಳೋಕೆ ಆಗಲ್ಲ. ಹೀಗಾಗಿ ಎಷ್ಟು ಇಂಧನ ಹಾಕಬೇಕು ಅನ್ನೋದನ್ನೂ ಅಳೆದು ಹಾಕ್ತಾರೆ. ಜಾಸ್ತಿ ಹಾಕಿದರೆ ಗಾಯಾಳುವಿನ ತೂಕಕ್ಕೆ ಜಾಗ ಇಲ್ಲ, ಕಮ್ಮಿ ಹಾಕಿದರೆ ವಾಪಸ್ ಬರೋಕೆ ಆಗಲ್ಲ. ಬಿಸಿಲು ಏರುವ ಮುಂಚೆ, ಗಾಳಿ ಏಳುವ ಮುಂಚೆ ಹೋಗಿ ಬರಬೇಕು. ಕೆಳಗೆ ಇಳಿದ ಮೇಲೂ ಎಂಜಿನ್ ಆರಿಸೋ ಹಾಗಿಲ್ಲ, ಆರಿಸಿದರೆ ಆ ಚಳಿಯಲ್ಲಿ ಮತ್ತೆ ಹತ್ತುತ್ತೋ ಇಲ್ಲವೋ. ರೆಕ್ಕೆ ತಿರುಗುತ್ತಿರುವಾಗಲೇ ಸ್ಟ್ರೆಚರ್ ಒಳಗೆ ಬರಬೇಕು. ಕಡಿಮೆ ಆಮ್ಲಜನಕದಲ್ಲಿ ತಲೆ ಹೇಗೆ ಮಂಕಾಗುತ್ತೆ ಅನ್ನೋದನ್ನು ಪೈಲಟ್‌ಗಳಿಗೆ ನೆಲದ ಮೇಲೇ ಒಂದು ಮುಚ್ಚಿದ ಕೋಣೆಯಲ್ಲಿ ಕೂರಿಸಿ ಕಲಿಸ್ತಾರೆ. ಅಂಥ ಕೋಣೆ ಇರುವ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇರೋದೂ ನಮ್ಮ ವಿಮಾನಪುರದಲ್ಲೇ.

ನಮ್ಮ ಪೆಂತೆಕೋಸ್ತ್ ಸಭೆಗಳಲ್ಲಿ ಒಂದು ಮಾತಿದೆ, ಅಭಿಷೇಕ ಇದ್ದರೆ ಸಾಕು, ತಯಾರಿ ಬೇಡ ಅಂತ. ಎಬೆದ್ಮೆಲೆಕನಿಗೆ ಹೇಳಿ ನೋಡಿ.

ಇನ್ನೂ ಒಂದು ಕಷ್ಟದ ವಿಷಯ. ಇಬ್ಬರು ಗಾಯಾಳುಗಳಿದ್ದು, ಹೆಲಿಕಾಪ್ಟರ್ ಒಬ್ಬರನ್ನೇ ಹೊರಬಲ್ಲದಾದರೆ? ಒಬ್ಬರನ್ನು ಬಿಟ್ಟು ಏಳಬೇಕು. ಮತ್ತೆ ಬರ್ತೀನಿ ಅಂತ ಹೇಳಬಹುದು, ಹವಾಮಾನ ಬಿಟ್ಟರೆ. ಇದಕ್ಕೆ ನನ್ನ ಹತ್ತಿರ ಒಂದು ವಚನ ತೆಗೆದು ಕೊಟ್ಟು ಸಮಾಧಾನ ಮಾಡೋ ಉತ್ತರ ಇಲ್ಲ. ಆ ಭಾರ ಹೊತ್ತು ವಾಪಸ್ ಬಂದವರನ್ನು ನಾವು ಹೀರೋ ಅಂತ ಕರೆದು ಚಪ್ಪಾಳೆ ತಟ್ಟಿ ಮುಂದೆ ಹೋಗಬಾರದು, ಅಷ್ಟು ಹೇಳಬಲ್ಲೆ.

ಭಯದ ವಿಷಯಕ್ಕೆ ಬರೋಣ. 39ನೇ ಅಧ್ಯಾಯ, 15ರಿಂದ 18. ಯೆಹೋವನು ಯೆರೆಮೀಯನ ಮೂಲಕ ಎಬೆದ್ಮೆಲೆಕನಿಗೆ ಒಂದು ವಾಗ್ದಾನ ಕಳಿಸುತ್ತಾನೆ. 17ನೇ ವಚನ ಗಮನಿಸಿ. ಅವನು ಕೆಲವರಿಗೆ ಹೆದರುತ್ತಿದ್ದ, ಅವರ ಕೈಗೆ ನಿನ್ನನ್ನು ಕೊಡುವುದಿಲ್ಲ ಅನ್ನೋ ಅರ್ಥದ ಮಾತು. ಹಾಗಾದರೆ ಏನು? ಅವನಿಗೆ ಭಯ ಇತ್ತು! ರಾಜನ ಮುಂದೆ ನಿಂತಾಗಲೂ ಇತ್ತು, ಚಿಂದಿ ಹುಡುಕುವಾಗಲೂ ಇತ್ತು. ದೇವರಿಗೆ ಅದು ಗೊತ್ತಿತ್ತು, ಬೈಯಲಿಲ್ಲ. ನಂಬಿಕೆ ಇದ್ದರೆ ಭಯ ಇರಲ್ಲ ಅಂತ ಯೌವನಸ್ಥರಿಗೆ ಹೇಳಿ ಹೇಳಿ, ಭಯ ಇರೋ ಹುಡುಗರು ನನ್ನಲ್ಲಿ ನಂಬಿಕೆ ಇಲ್ಲ ಅಂತ ಹಿಂದಿನ ಸಾಲಿಗೆ ಹೋಗಿ ಕೂತಿದ್ದಾರೆ. ಹಿಂದಿನ ಸಾಲಿನವರೇ, ಈ ವಚನ ನಿಮಗೆ.

ಈಗ ನಮ್ಮ ನಾಡಿನ ಮಗನೊಬ್ಬನ ವಿಷಯ. ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ಬೆಟದೂರಿನವರು, ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್. ಸಿಯಾಚಿನ್‌ನಲ್ಲಿ ಘೋಷಿಸಿದ ಯುದ್ಧ ಇಲ್ಲ, 2003ರಿಂದ ಗುಂಡಿನ ಸದ್ದೂ ಇಲ್ಲ. ಆದರೂ 1984ರ ಏಪ್ರಿಲ್ 13ರಿಂದ, ಆಪರೇಷನ್ ಮೇಘದೂತ ಶುರುವಾದ ದಿನದಿಂದ, ನಮ್ಮವರು ಅಲ್ಲಿ ಕಾಯುತ್ತಿದ್ದಾರೆ. 2016ರ ಫೆಬ್ರವರಿ 3ರಂದು 19,600 ಅಡಿ ಎತ್ತರದ ಸೋನಮ್ ಪೋಸ್ಟಿನ ಮೇಲೆ ಹಿಮದ ಗೋಡೆ ಕುಸಿಯಿತು. ಹತ್ತು ಜನ ಒಳಗೆ ಹೂತುಹೋದರು. ಅವರಲ್ಲಿ ಹಾಸನದವರು, ಮೈಸೂರು ಜಿಲ್ಲೆಯವರೂ ಇದ್ದರು.

ಎಲ್ಲರೂ ತೀರಿಕೊಂಡಿದ್ದಾರೆ ಅಂತಲೇ ದೇಶ ಅಂದುಕೊಂಡಿತ್ತು. ಆದರೂ ಅಗೆಯೋದು ನಿಲ್ಲಿಸಲಿಲ್ಲ. ಕಲ್ಲಿನಂಥ ನೀಲಿ ಹಿಮ ಕೊರೆಯೋಕೆ ಡ್ರಿಲ್, ವಿದ್ಯುತ್ ಗರಗಸ ಎಲ್ಲ ಬೇಕು, ಅವನ್ನು ಮೇಲಕ್ಕೆ ಮುಟ್ಟಿಸಿದ್ದು ಹೆಲಿಕಾಪ್ಟರುಗಳು. ಡಾಟ್, ಮೀಷಾ ಅಂತ ಎರಡು ನಾಯಿಗಳು ಮೂಸಿ ಜಾಗ ತೋರಿಸಿದವು. ಫೆಬ್ರವರಿ 8ಕ್ಕೆ, ಸುಮಾರು 25-30 ಅಡಿ ಹಿಮದ ಕೆಳಗೆ, ಆರನೇ ದಿನ ಹನುಮಂತಪ್ಪ ಉಸಿರಾಡುತ್ತಾ ಸಿಕ್ಕಿದರು! ರಾತ್ರಿ ಅಲ್ಲಿ ಹಾರೋಕೆ ಆಗಲ್ಲ. ಡಾಕ್ಟರ್ ಜೊತೆ ಇದ್ದು ರಾತ್ರಿ ಕಾದರು. 9ರ ಬೆಳಿಗ್ಗೆ ಹೆಲಿಕಾಪ್ಟರ್ ಬಂತು. ಅಲ್ಲಿಂದ ಬೇಸ್ ಕ್ಯಾಂಪ್, ಥೋಯಿಸ್, ದೆಹಲಿಯ ಮಿಲಿಟರಿ ಆಸ್ಪತ್ರೆ. ಆ ಎರಡು ಮೂರು ದಿನ ಬೆಟದೂರಿನ ಗುಡಿಯಿಂದ ಹಿಡಿದು ಶಿವಾಜಿನಗರದ ಸೇಂಟ್ ಮೇರಿಸ್ ತನಕ ಎಲ್ಲಾ ಕಡೆ ಪ್ರಾರ್ಥನೆಯ ವಿಷಯ ಇದೇ ಆಗಿತ್ತು ಅಂದರೆ ತಪ್ಪಾಗಲ್ಲ. ಫೆಬ್ರವರಿ 11ರಂದು ಅವರು ತೀರಿಕೊಂಡರು.

ಆಗ ಒಂದು ಪ್ರಶ್ನೆ ಏಳುತ್ತೆ, ಯೌವನಸ್ಥರು ನನ್ನನ್ನು ಕೇಳ್ತಾರೆ ಕೂಡ. ಕೊನೆಗೆ ಉಳಿಯದ ಮೇಲೆ ಆ ಪೈಲಟ್‌ಗಳು ಜೀವ ಪಣಕ್ಕಿಟ್ಟಿದ್ದು ಯಾಕೆ? ನಾವು ಪ್ರಾರ್ಥನೆ ಮಾಡಿದ್ದು ಯಾಕೆ?

38ನೇ ಅಧ್ಯಾಯದ 13ನೇ ವಚನದ ಕೊನೆಯ ಭಾಗ ನೋಡಿ. ಬಾವಿಯಿಂದ ಮೇಲೆ ಬಂದ ಯೆರೆಮೀಯ ಎಲ್ಲಿ ಉಳಿದ? ಕಾರಾಗೃಹದ ಅಂಗಳದಲ್ಲೇ. ಬಿಡುಗಡೆ ಆಗಲಿಲ್ಲ. ಪಟ್ಟಣವೂ ಉಳಿಯಲಿಲ್ಲ, ಮುಂದಿನ ಅಧ್ಯಾಯದಲ್ಲೇ ಬಿತ್ತು. ಎಬೆದ್ಮೆಲೆಕ ಯುದ್ಧ ಗೆಲ್ಲಿಸಲಿಲ್ಲ. ಕೆಸರಿನಲ್ಲಿ ಒಬ್ಬನೇ ಸಾಯಬೇಕಾಗಿದ್ದವನು ಮೇಲೆ ಬಂದ, ಬೆಳಕು ಕಂಡ, ಅಷ್ಟೇ. ಬೈಬಲ್ ಅದನ್ನು ಚಿಕ್ಕದು ಅಂತ ಬಿಟ್ಟುಬಿಡದೆ, ಚಿಂದಿ ಬಟ್ಟೆ ಎಲ್ಲಿಂದ ತಂದ ಅನ್ನೋದರ ತನಕ ಬರೆದಿಟ್ಟಿದೆ. ಹನುಮಂತಪ್ಪನವರನ್ನು ಹಿಮದ ಕೆಳಗೆ ಹುಡುಕಿಯೇ ಹುಡುಕಿದರು. ಕೊನೆಯ ಮೂರು ದಿನ ಅವರ ಸುತ್ತ ಮನುಷ್ಯರ ಕೈಗಳಿದ್ದವು. ಮನೆಯವರು ಆಸ್ಪತ್ರೆಗೆ ಬಂದು ಅವರನ್ನು ನೋಡಿದರು. ಇದನ್ನು ವ್ಯರ್ಥ ಅನ್ನೋಕೆ ನನಗೆ ಬಾಯಿ ಬರಲ್ಲ.

ನಮ್ಮಲ್ಲಿ ಯಾರೂ ನಾಳೆ ಚೀತಾ ಹಾರಿಸೋಕೆ ಹೋಗ್ತಿಲ್ಲ. ನಾವು ಹೋಗೋದು ಟಿನ್ ಫ್ಯಾಕ್ಟರಿ ಜಾಮ್ ದಾಟಿ ಆಫೀಸಿಗೆ, ಕಾಲೇಜಿಗೆ. ಆದರೆ ಕೆ.ಆರ್. ಪುರದ ಪಿಜಿಯ ಯಾವುದೋ ರೂಮಿನಲ್ಲಿ ಕೆಲಸ ಹೋದ ಹುಡುಗ ಮೂರು ವಾರದಿಂದ ಬಾಗಿಲು ತೆರೆದಿಲ್ಲ. ಸಭೆಗೆ ಬರುತ್ತಿದ್ದವನು ಬರ್ತಿಲ್ಲ. ನಾವೇನು ಮಾಡ್ತೀವಿ? ಹಗ್ಗ ಎಸೀತೀವಿ. ಗ್ರೂಪಿನಲ್ಲಿ ಒಂದು ವಚನ, ಕೆಳಗೆ ಮೂರು ಕೈಮುಗಿದ ಇಮೋಜಿ, ಬ್ರದರ್ ಸ್ಟ್ರಾಂಗ್ ಆಗಿರಿ. ವಚನ ಒಳ್ಳೆಯದೇ, ಹಗ್ಗ ಬೇಕೇ ಬೇಕು. ಆದರೆ ಒಣಗಿದ ಕಂಕುಳಿಗೆ ಬರೀ ಹಗ್ಗ ಹಾಕಿ ಎಳೆದರೆ ಏನಾಗುತ್ತೆ? ಮೊದಲು ಚಿಂದಿ ಹುಡುಕಿ. ಎರಡು ಇಡ್ಲಿ ಪಾರ್ಸೆಲ್ ತಗೊಂಡು ಹೋಗಿ. ಬಟ್ಟೆ ಒಗೆಯೋಕೆ ಹಾಕಿ. ಪಿಜಿ ಬಾಡಿಗೆ ಬಾಕಿ ಇದೆಯಾ ಕೇಳಿ. ಅವನು ಸಾಯೋ ಮಾತಾಡಿದರೆ ಪ್ರಾರ್ಥನೆಯ ಜೊತೆ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋಗಿ, ನಿಮ್ಹಾನ್ಸ್ ನಮ್ಮ ಊರಲ್ಲೇ ಇದೆ. ಟೆಲಿ ಮಾನಸ್ ನಂಬರ್ 14416, ಕನ್ನಡದಲ್ಲೂ ಮಾತಾಡ್ತಾರೆ, ಈಗಲೇ ಸೇವ್ ಮಾಡಿಕೊಳ್ಳಿ. ಮತ್ತೆ ಒಬ್ಬರೇ ಹೋಗಬೇಡಿ. ಸಿಯಾಚಿನ್‌ನಲ್ಲಿ ಚೀತಾಗಳು ಜೋಡಿಯಾಗಿ ಹಾರುತ್ತವೆ, ಒಂದು ಬಿದ್ದರೆ ಎಲ್ಲಿ ಬಿತ್ತು ಅಂತ ಇನ್ನೊಂದಕ್ಕೆ ಗೊತ್ತಿರಲಿ ಅಂತ. ಎಬೆದ್ಮೆಲೆಕನೂ ಮೂವತ್ತು ಜನರನ್ನು ಕರೆದುಕೊಂಡೇ ಹೋದ.

ಪ್ರಾರ್ಥನೆಗೆ ಮುಂಚೆ ಎರಡು ನಿಮಿಷ ಸುಮ್ಮನಿರೋಣ. ಹೀಗೆ ಕಾಣದೆ ಹೋದವರ ಒಂದು ಹೆಸರು ನಿಮ್ಮ ಮನಸ್ಸಿಗೆ ಬಂದರೆ ಬರೆದುಕೊಳ್ಳಿ, ಗ್ರೂಪಿಗೆ ಹಾಕಬೇಡಿ, ಈ ವಾರ ಯಾರ ಜೊತೆ ಹೋಗ್ತೀರಿ ಅಂತ ಪಕ್ಕದಲ್ಲಿ ಬರೆಯಿರಿ. ಸಿಯಾಚಿನ್‌ನಲ್ಲಿ ಈಗಲೂ ಹಾರುತ್ತಿರುವ ಪೈಲಟ್‌ಗಳಿಗಾಗಿ, ಗಡಿಯ ಎರಡೂ ಕಡೆ ಮಕ್ಕಳನ್ನು ಕಳೆದುಕೊಂಡ ತಾಯಂದಿರಿಗಾಗಿಯೂ ಪ್ರಾರ್ಥಿಸೋಣ. ಮುಂದಿನ ಕೂಟಕ್ಕೆ 39 ಮತ್ತು 40ನೇ ಅಧ್ಯಾಯ ಓದಿಕೊಂಡು ಬನ್ನಿ. ಎದ್ದು ನಿಲ್ಲೋಣ.